ಮುಸುರೆ ಮೆಷಿನ್ ಮತ್ತು ನಮ್ಮ ಬೋರ್‌ವೆಲ್ ನೀರು

ನಮ್ಮದು ಹಿರಿಯೂರು ಕಡೆ ಹೆದ್ದಾರಿ ಪಕ್ಕದ ಸಸ್ಯಾಹಾರಿ ಹೋಟೆಲ್. ಇಲ್ಲಿ ಗಿರಾಕಿಗಳು ಒಬ್ಬೊಬ್ಬರಾಗಿ ಬರುವುದಿಲ್ಲ, ಬಸ್ಸಿನ ಲೆಕ್ಕದಲ್ಲಿ ಬರುತ್ತಾರೆ. ಎರಡು ಟೂರಿಸ್ಟ್ ಬಸ್ ಒಟ್ಟಿಗೆ ನಿಂತರೆ ಸಾಕು, ಅರ್ಧ ಗಂಟೆಯಲ್ಲಿ ಇರುವ ತಟ್ಟೆಯೆಲ್ಲ ಮುಸುರೆಗೆ ಬಿದ್ದಿರುತ್ತದೆ. ಅಡುಗೆ ರೆಡಿ, ಬಡಿಸಲು ತಟ್ಟೆ ಇಲ್ಲ. ಮುಸುರೆ ತಿಕ್ಕುವ ಕೆಲಸಕ್ಕೆ ಜನ ಸಿಗುವುದೂ ಕಷ್ಟ. ಸಿಕ್ಕವರು ಹಬ್ಬಕ್ಕೆ ಊರಿಗೆ ಹೋದರೆ ವಾಪಸ್ ಬರುವ ಗ್ಯಾರಂಟಿ ಇಲ್ಲ. ಹಾಗಾಗಿ ತಟ್ಟೆ ತೊಳೆಯುವ ಮೆಷಿನ್ ಹಾಕಿಸಿದೆವು.

ನಾವು ತಗೊಂಡಿದ್ದು ಹುಡ್ ಟೈಪ್. ಅರ್ಧ ಮೀಟರ್ ಚೌಕದ ಪ್ಲಾಸ್ಟಿಕ್ ರ‍್ಯಾಕಿನಲ್ಲಿ ತಟ್ಟೆ ನಿಲ್ಲಿಸಿ ಒಳಗೆ ತಳ್ಳಬೇಕು, ಮುಚ್ಚಳ ಕೆಳಗೆ ಎಳೆದರೆ ತಾನೇ ಶುರುವಾಗುತ್ತದೆ. ಒಂದೆರಡು ನಿಮಿಷಕ್ಕೆ ಮುಗಿಯುತ್ತದೆ. ಗಂಟೆಗೆ 60 ರ‍್ಯಾಕ್ ಎಂದು ಕಂಪನಿಯವರು ಹೇಳುತ್ತಾರೆ. ಅದು ಮೆಷಿನ್ ಲೆಕ್ಕ. ಎಂಜಲು ಬಳಿದು, ಜೋಡಿಸಿ, ತೆಗೆದಿಡುವ ಮನುಷ್ಯರ ಲೆಕ್ಕದಲ್ಲಿ ಅದರ ಅರ್ಧ ಆದರೆ ದೊಡ್ಡದು.

ಒಳಗೆ ಏನಾಗುತ್ತದೆ ಅಂತ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಕೆಳಗಿನ ತೊಟ್ಟಿಯಲ್ಲಿ ಸುಮಾರು 60 ಡಿಗ್ರಿ ಬಿಸಿಯ ಸೋಪಿನ ನೀರು ಇರುತ್ತದೆ. ಪಂಪು ಅದೇ ನೀರನ್ನು ಮತ್ತೆ ಮತ್ತೆ ತಟ್ಟೆಗಳ ಮೇಲೆ ರಾಚುತ್ತದೆ. ಕೊನೆಯಲ್ಲಿ ಮೆಷಿನ್ನಿನ ಬಾಯ್ಲರ್‌ನಿಂದ 82ರಿಂದ 85 ಡಿಗ್ರಿಯ ಹೊಸ ನೀರು ಮೂರು ಲೀಟರಿನಷ್ಟು ಬಂದು ಜಾಲಾಡಿಸುತ್ತದೆ. ಕ್ರಿಮಿ ಸಾಯುವುದು ಈ ಬಿಸಿಗೆ. ಆ ನೀರು ತೊಟ್ಟಿಗೇ ಇಳಿದು, ಮೇಲೆ ತೇಲುವ ಜಿಡ್ಡನ್ನು ಹೊರಗೆ ತುಳುಕಿಸುತ್ತದೆ. ಅಂದರೆ ತೊಳೆಯುವುದು ಹಳೆ ನೀರು, ಜಾಲಾಡಿಸುವುದು ಹೊಸ ನೀರು.

ಈಗ ನೀರಿನ ವಿಷಯ. ನಮ್ಮ ಕಡೆ ಬೋರ್ ನೀರು ಎಷ್ಟು ಗಡಸು ಅಂದರೆ ಸೋಪು ನೊರೆಯೇ ಬರುವುದಿಲ್ಲ. ಈ ನೀರನ್ನು 85 ಡಿಗ್ರಿಗೆ ಕಾಯಿಸಿದರೆ ಅದರಲ್ಲಿರುವ ಸುಣ್ಣವೆಲ್ಲ ಹೀಟರ್ ಕಾಯಿಲಿನ ಮೇಲೆ ಕೂರುತ್ತದೆ. ಪೊರೆ ದಪ್ಪ ಆದಷ್ಟೂ ಕಾಯಿಲಿನ ಶಾಖ ನೀರಿಗೆ ಇಳಿಯುವುದಿಲ್ಲ, ಕಾಯಿಲು ಒಳಗೇ ಕಾದು ಸುಟ್ಟುಹೋಗುತ್ತದೆ. ಅದಕ್ಕೇ ಮೆಷಿನ್ ಬರುವ ಮೊದಲೇ ನೀರಿನ ಗಡಸು ತೆಗೆದು ಮೆದು ಮಾಡುವ ಸಾಫ್ಟ್‌ನರ್ ಕೂರಿಸಿದೆವು. ಇದರೊಳಗಿನ ರೆಸಿನ್ ಕಾಳುಗಳು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಬದಲಿಗೆ ಸೋಡಿಯಂ ಬಿಡುತ್ತವೆ. ಕಾಳು ತುಂಬಿದ ಮೇಲೆ ಉಪ್ಪುನೀರು ಹಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತವೆ. ಉಪ್ಪು ಚೊಕ್ಕಟ ಇರಬೇಕು. ಸಂತೆಯ ಮಣ್ಣುಮಿಶ್ರಿತ ಕಲ್ಲುಪ್ಪು ಹಾಕಿದರೆ ಉಪ್ಪಿನ ತೊಟ್ಟಿಯ ತಳದಲ್ಲಿ ಕೆಸರು ನಿಲ್ಲುತ್ತದೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ಸಾಫ್ಟ್‌ನರ್ ಮಾರಲು ಬರುವ ಕೆಲವರು ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣ) ಅಳೆಯುವ ಮೀಟರ್ ಅದ್ದಿ ತೋರಿಸುತ್ತಾರೆ. ಅದು ಸುಮ್ನೆ ಶೋ. ಸಾಫ್ಟ್‌ನರ್ ಟಿಡಿಎಸ್ ಇಳಿಸುವುದೇ ಇಲ್ಲ, ಒಂದು ಲವಣ ತೆಗೆದು ಇನ್ನೊಂದು ಇಡುತ್ತದೆ ಅಷ್ಟೆ. ನೋಡಬೇಕಾದ್ದು ಗಡಸುತನ. ಅದಕ್ಕೆ ಹನಿ ಹಾಕಿ ನೋಡುವ ಸಣ್ಣ ಕಿಟ್ ಬರುತ್ತದೆ. ಗಡಸು ನೀರಾದರೆ ಬಣ್ಣ ಕೆಂಪಾಗುತ್ತದೆ, ಮೆದು ನೀರಾದರೆ ಮೊದಲ ಹನಿಗೇ ನೀಲಿ. ಬೆಳಿಗ್ಗೆ ಒಲೆ ಹಚ್ಚುವ ಹೊತ್ತಿಗೆ ಇದನ್ನು ನೋಡುವುದು ನಮ್ಮಲ್ಲಿ ರೂಢಿ. ಕೆಂಪು ಬಂತೆಂದರೆ ಉಪ್ಪು ಹಾಯಿಸದೆ ಮೆಷಿನ್ ಹಚ್ಚುವಂತಿಲ್ಲ.

ನೀರಿನ ಒತ್ತಡವೂ ಅಷ್ಟೇ ಮುಖ್ಯ. ಹತ್ತು ಮೀಟರ್ ಎತ್ತರದ ಟ್ಯಾಂಕಿನಿಂದ ಸಿಗುವುದೇ ಒಂದು ಬಾರ್. ನಮ್ಮ ಹೋಟೆಲಿನ ತಾರಸಿ ಅದರ ಅರ್ಧವೂ ಇಲ್ಲ. ನಮ್ಮ ಮೆಷಿನ್ ಕೇಳುವುದು ಎರಡು ಬಾರ್ ಒತ್ತಡಕ್ಕಿಂತ ಜಾಸ್ತಿ. ಹಾಗಾಗಿ ಪ್ರೆಷರ್ ಪಂಪ್ ಬೇಕಾಯಿತು. ಈಗ ಒಳಗೇ ಪಂಪಿರುವ ಮಾಡೆಲುಗಳೂ ಸಿಗುತ್ತವೆ, ಕೊಳ್ಳುವ ಮುಂಚೆ ಕೇಳಿ.

ನೀರು ಹೊರಗೆ ಹೋಗುವ ದಾರಿಯನ್ನು ಎಲ್ಲರೂ ಮರೆಯುತ್ತಾರೆ. 60 ಡಿಗ್ರಿ ನೀರು ದಿನವಿಡೀ ಹರಿದರೆ ಮಾಮೂಲಿ ಪಿವಿಸಿ ಪೈಪು ಮೆತ್ತಗಾಗಿ ಜೋತುಬೀಳುತ್ತದೆ. ಬಿಸಿ ತಡೆಯುವ ಸಿಪಿವಿಸಿ ಹಾಕಿಸಿ. ಇನ್ನೊಂದು, ಜಿಡ್ಡು ತಡೆಯುವ ಗ್ರೀಸ್ ಟ್ರ್ಯಾಪ್. ಕೈಯಲ್ಲಿ ತೊಳೆಯುವಾಗ ತಣ್ಣೀರಿನಲ್ಲಿ ಜಿಡ್ಡು ಅಲ್ಲೇ ಹೆಪ್ಪುಗಟ್ಟುತ್ತಿತ್ತು. ಮೆಷಿನ್ನಿನ ಬಿಸಿ ನೀರಿನಲ್ಲಿ ತುಪ್ಪ, ಎಣ್ಣೆ ಕರಗಿಕೊಂಡೇ ಟ್ರ್ಯಾಪ್ ದಾಟಿ ಮುಂದಿನ ಚರಂಡಿಯಲ್ಲಿ ಗಟ್ಟಿಯಾಗುತ್ತದೆ. ಅದಕ್ಕೆ ಟ್ರ್ಯಾಪ್ ದೊಡ್ಡದಿರಬೇಕು, ಮೆಷಿನ್ನಿನಿಂದ ಸ್ವಲ್ಪ ದೂರವಿರಬೇಕು, ನೀರು ಅಲ್ಲಿಗೆ ಹೋಗುವಷ್ಟರಲ್ಲಿ ತಣಿಯಬೇಕು.

ಕರೆಂಟ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಹತ್ತು ಕಿಲೋವ್ಯಾಟ್ ಆಸುಪಾಸು ಲೋಡ್, ತ್ರೀ ಫೇಸ್. ಬೆಸ್ಕಾಂಗೆ ಹೆಚ್ಚುವರಿ ಲೋಡಿಗೆ ಅರ್ಜಿ ಹಾಕುವ ಕೆಲಸ ಮೆಷಿನ್ ಆರ್ಡರ್ ಮಾಡುವ ಮೊದಲೇ ಮುಗಿಸಿ. ನೀರು, ಕರೆಂಟು ಒಟ್ಟಿಗಿರುವ ಜಾಗ, ಅರ್ತಿಂಗ್ ಮತ್ತು ಕರೆಂಟ್ ಸೋರಿದರೆ ತಾನೇ ಆಫ್ ಮಾಡುವ ಇಎಲ್‌ಸಿಬಿ ಇಲ್ಲದೆ ಯಾರನ್ನೂ ಹತ್ತಿರ ಬಿಡಬೇಡಿ. ಹಳ್ಳಿ ಲೈನಿನಲ್ಲಿ ಆಗಾಗ ಒಂದು ಫೇಸ್ ಹೋಗುತ್ತದೆ. ಆಗ ಕೆಲವೊಮ್ಮೆ ಮೆಷಿನ್ ನಿಲ್ಲುವುದಿಲ್ಲ, ಹೀಟರ್ ಮಾತ್ರ ಕಡಿಮೆ ಬಿಸಿ ಕೊಡುತ್ತದೆ. ತಟ್ಟೆ ಯಾಕೋ ಜಿಡ್ಡು ಬಿಡುತ್ತಿಲ್ಲ ಅನಿಸಿದರೆ ಮೊದಲು ಡಿಸ್‌ಪ್ಲೇಯಲ್ಲಿ ಡಿಗ್ರಿ ನೋಡಿ.

ಬಿಲ್ ಎಷ್ಟು ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಮೂರು ಲೀಟರ್ ನೀರನ್ನು 28ರಿಂದ 85 ಡಿಗ್ರಿಗೆ ತರಲು 0.2 ಯೂನಿಟ್ ಬೇಕು. ಐದು ರ‍್ಯಾಕಿಗೆ ಒಂದು ಯೂನಿಟ್. ತೊಟ್ಟಿ ಬಿಸಿ ಇಡುವುದು, ಪಂಪು ಎಲ್ಲ ಇದರ ಮೇಲೆ. ನಾವು ಸೋಲಾರ್ ಬಿಸಿನೀರನ್ನು ಬಾಯ್ಲರಿಗೆ ಕೊಟ್ಟಿದ್ದೇವೆ. ಒಳಗೆ ಹೋಗುವ ನೀರೇ 55 ಡಿಗ್ರಿ ಇದ್ದರೆ ಬಾಯ್ಲರಿನ ಖರ್ಚು ಅರ್ಧಕ್ಕೆ ಇಳಿಯುತ್ತದೆ. ಬರುವ ನೀರು ಎಷ್ಟು ಬಿಸಿಯವರೆಗೆ ಇರಬಹುದು ಅಂತ ಮೆಷಿನ್ ಕಂಪನಿಯವರನ್ನು ಕೇಳಿಕೊಂಡೇ ಮಾಡಿ. ಸಾಫ್ಟ್‌ನರ್ ಸೋಲಾರಿಗಿಂತ ಮೊದಲೇ ಇರಲಿ, ಸೋಲಾರ್ ಕೊಳವೆಗಳೂ ಉಳಿಯುತ್ತವೆ.

ಮೆಷಿನ್ ಬಂದ ದಿನ ಮುಸುರೆ ತೊಳೆಯುವ ಅಕ್ಕ ಒಬ್ಬರು, "ಅಣ್ಣಾ, ಇನ್ನು ನಮ್ಮನ್ನ ಬಿಡಿಸ್ತೀರಾ?" ಅಂತ ಕೇಳಿದರು. "ಯಾರಕ್ಕ ಬಿಡಿಸ್ತಾರೆ, ಇದಕ್ಕೆ ಕೈಕಾಲು ಇದೆಯಾ?" ಅಂದೆ. ನಿಜವಾಗಿ ಇದಕ್ಕೆ ಇಬ್ಬರು ಬೇಕು. ಎಂಜಲು ಬಳಿದು ರ‍್ಯಾಕಿಗೆ ಹಾಕುವವರು ಒಬ್ಬರು, ಆ ಕಡೆಯಿಂದ ತೊಳೆದದ್ದು ತೆಗೆಯುವವರು ಇನ್ನೊಬ್ಬರು. ಒಬ್ಬರೇ ಎರಡೂ ಮಾಡಿದರೆ ಎಂಜಲು ಕೈ ಮತ್ತೆ ತೊಳೆದ ತಟ್ಟೆಗೆ ತಾಗುತ್ತದೆ, 85 ಡಿಗ್ರಿ ಕಾಯಿಸಿ ಏನು ಬಂತು?

ಒಳಗೆ ಹಾಕುವ ಮುಂಚೆ ಸ್ಪ್ರೇ ಗನ್ನಿನಿಂದ ತಟ್ಟೆ ತೊಯ್ಸಬೇಕು. ಅದು ತಣ್ಣೀರೋ ಉಗುರುಬೆಚ್ಚಗಿನ ನೀರೋ ಆಗಿರಲಿ. ಸುಡುನೀರು ಬಿಟ್ಟರೆ ಇಡ್ಲಿ ಹಿಟ್ಟು, ಅನ್ನದ ಗಂಜಿ ಅಲ್ಲೇ ಬೆಂದು ಅಂಟಿಕೊಳ್ಳುತ್ತದೆ. ಮಾಮೂಲಿ ಪಾತ್ರೆ ಸೋಪನ್ನು ಮಾತ್ರ ಹತ್ತಿರ ತರಬೇಡಿ. ಅದರ ನೊರೆ ತೊಟ್ಟಿಗೆ ಇಳಿದರೆ ಪಂಪು ನೀರಿನ ಬದಲು ಗಾಳಿ ಎಳೆಯುತ್ತದೆ, ರಾಚುವ ಶಕ್ತಿಯೇ ಹೋಗುತ್ತದೆ. ಮೆಷಿನ್ನಿಗೆ ನೊರೆ ಬಾರದ ಬೇರೆ ದ್ರಾವಣವಿದೆ. ಅದು ಕಾಸ್ಟಿಕ್, ಕೈ ಸುಡುತ್ತದೆ. ಕ್ಯಾನ್ ಬದಲಿಸುವಾಗ ಗ್ಲೌಸು, ಕನ್ನಡಕ ಬೇಕೇ ಬೇಕು. ಅಲ್ಯೂಮಿನಿಯಂ ಡಬರಿ, ಇಡ್ಲಿ ತಟ್ಟೆ ಇದರಲ್ಲಿ ಕಪ್ಪಾಗುತ್ತವೆ. ನಮ್ಮಲ್ಲಿ ಒಳಗೆ ಹೋಗುವುದು ಸ್ಟೀಲ್ ಮಾತ್ರ. ಸಾಂಬಾರಿನ ಕೊಳಗ ಒಳಗೆ ಹಿಡಿಸುವುದೂ ಇಲ್ಲ, ತಳ ಹಿಡಿದದ್ದು ಇದರಿಂದ ಬಿಡುವುದೂ ಇಲ್ಲ. ಅದಕ್ಕೆ ಈಗಲೂ ಕೈಯೇ ಗತಿ.

ಲೋಟ ಬೋರಲು ಹಾಕಬೇಕು, ತಟ್ಟೆ ಒಂದರ ಮೇಲೊಂದು ಒರಗಬಾರದು. ಹೊರಬಂದ ರ‍್ಯಾಕ್ ಒಂದು ನಿಮಿಷ ಹಾಗೇ ಬಿಟ್ಟರೆ ಸ್ಟೀಲಿನ ಬಿಸಿಗೇ ನೀರು ಆರುತ್ತದೆ. ಬಟ್ಟೆಯಲ್ಲಿ ಒರೆಸುವ ಚಾಳಿ ಬಿಡಿಸಲು ನನಗೆ ತುಂಬಾ ದಿನ ಬೇಕಾಯಿತು. ಆ ಬಟ್ಟೆಯಷ್ಟು ಕೊಳಕು ವಸ್ತು ಹೋಟೆಲಿನಲ್ಲಿ ಇನ್ನೊಂದಿಲ್ಲ.

ರಾತ್ರಿ ಕೆಲಸ ಇಷ್ಟು. ತೊಟ್ಟಿ ಖಾಲಿ ಮಾಡಿ, ಜಾಲರಿ ತೆಗೆದು ಬಡಿದು ತೊಳೆಯುವುದು. ಆಮೇಲೆ ನೀರು ಚಿಮ್ಮುವ ತೋಳುಗಳನ್ನು ಬಿಚ್ಚುವುದು. ಟ್ಯೂಬ್‌ಲೈಟಿಗೆ ಹಿಡಿದು ನೋಡಿದರೆ ಯಾವ ತೂತು ಕಟ್ಟಿದೆ ಗೊತ್ತಾಗುತ್ತದೆ. ನಮ್ಮಲ್ಲಿ ಸಿಗುವುದು ಮೂರೇ: ಒಗ್ಗರಣೆಯ ಸಾಸಿವೆ, ಕರಿಬೇವಿನ ದಂಟು, ತೆಂಗಿನ ತುರಿ. ಸಾಸಿವೆ ತೂತಿನ ಅಳತೆಗೇ ಮಾಡಿದಂತೆ ಕೂತಿರುತ್ತದೆ. ಪಿನ್ನಿನಿಂದ ಕೆರೆದರೆ ತೂತು ಅಗಲವಾಗಿ ನೀರು ಅಡ್ಡ ಹಾರುತ್ತದೆ, ಅದಕ್ಕೆ ಪೊರಕೆ ಕಡ್ಡಿ ಸಾಕು. ಕೊನೆಗೆ ಮುಚ್ಚಳ ತೆರೆದೇ ಬಿಟ್ಟು ಹೋಗಬೇಕು, ಮುಚ್ಚಿದರೆ ಬೆಳಿಗ್ಗೆಗೆ ವಾಸನೆ. ಊಟದ ಹೊತ್ತಿನಲ್ಲಿ ತೊಟ್ಟಿಯ ನೀರು ಸಾಂಬಾರಿನ ಬಣ್ಣಕ್ಕೆ ತಿರುಗಿದರೆ ರಾತ್ರಿವರೆಗೆ ಕಾಯಬೇಡಿ, ಆಗಲೇ ಬದಲಿಸಿ.

ಲೋಟದ ಮೇಲೆ ಬಿಳಿ ಮಸುಕು ಕಂಡರೆ ಬೆರಳಿನಿಂದ ಒರೆಸಿ ನೋಡಿ. ಬಿಟ್ಟರೆ ಮೆದು ನೀರಿನ ಲವಣ, ಬಿಡದಿದ್ದರೆ ಸುಣ್ಣ. ಸುಣ್ಣವಾದರೆ ಸಿಟ್ರಿಕ್ ಅಥವಾ ಫಾಸ್ಫರಿಕ್ ಆಸಿಡ್ ಇರುವ ಡಿಸ್ಕೇಲರ್ ತೊಟ್ಟಿಗೆ ಹಾಕಿ, ರ‍್ಯಾಕ್ ಇಲ್ಲದೆ ಮೆಷಿನ್ ಓಡಿಸಿ, ಆಮೇಲೆ ಎರಡು ಸಲ ಬರೀ ನೀರಿನಲ್ಲಿ. ಆವತ್ತು ಬ್ಲೀಚಿಂಗ್ ಪುಡಿ ಆ ಕಡೆ ಸುಳಿಯಬಾರದು. ಆಸಿಡ್ಡಿಗೆ ಅದು ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ.

ಸೋಪು ಎಳೆಯುವ ಸಣ್ಣ ಪಂಪಿನ ರಬ್ಬರ್ ಟ್ಯೂಬು ಸವೆದು ಸೀಳುತ್ತದೆ. ಅದರ ಜೊತೆಗೆ ಒಂದು ಹೀಟರ್ ಕಾಯಿಲು, ಮುಚ್ಚಳದ ಸ್ವಿಚ್ಚು ಗಲ್ಲಾದ ಕೆಳಗಿನ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಮೆಕ್ಯಾನಿಕ್ ಬೆಂಗಳೂರಿನಿಂದ ಬರಬೇಕು, ಶನಿವಾರ ಕೆಟ್ಟರೆ ಸೋಮವಾರ. ವಾರದ ಕೊನೆಯಲ್ಲೇ ಅಲ್ವಾ ಬಸ್ಸುಗಳೆಲ್ಲ ಬರುವುದು?