ಉಂಗುರ, ಮಧ್ಯ, ತೋರು

ನಮ್ಮ ಕಡೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುವವನ ಹೆಸರನ್ನು ಯಾರೂ ಮೈಕಿನಲ್ಲಿ ಕೂಗುವುದಿಲ್ಲ. ಗಾಯಕರಿಗೆ ಶಾಲು, ಕೀಬೋರ್ಡಿನವರಿಗೆ ಚಪ್ಪಾಳೆ, ರಿದಂ ಪ್ಯಾಡಿನವನಿಗೆ ಶಿಳ್ಳೆ. ಬೇಸ್‌ನವನು ಡ್ರಮ್ಸ್ ಪಕ್ಕದ ಕತ್ತಲಲ್ಲಿ ನಿಂತಿರುತ್ತಾನೆ. ಹಾಸನದ ಗಣಪತಿ ಪೆಂಡಾಲುಗಳಲ್ಲಿ, ಸುತ್ತಲ ಊರುಗಳ ಜಾತ್ರೆಗಳಲ್ಲಿ 2011ರಿಂದ ನಾನು ಆ ಕತ್ತಲಲ್ಲಿ ನಿಂತಿದ್ದೇನೆ. ಮೊದಲ ವರ್ಷಗಳಲ್ಲಿ ಅದು ನನಗೆ ಸಂಕಟದ ಜಾಗವಾಗಿತ್ತು. ಈಗ ಅಲ್ಲ. ಆ ಜಾಗವನ್ನು ಪ್ರೀತಿಸುವುದನ್ನು ನನಗೆ ಕಲಿಸಿದವರು ಅಲೆಕ್ಸ್ ವೆಬ್‌ಸ್ಟರ್, ಅಮೆರಿಕದ ಕ್ಯಾನಿಬಲ್ ಕಾರ್ಪ್ಸ್ ಎಂಬ ಡೆತ್ ಮೆಟಲ್ (ರಾಕ್ ಸಂಗೀತದ ಅತಿ ಉಗ್ರ ಬಗೆ) ಬ್ಯಾಂಡಿನ ಬೇಸ್ ವಾದಕರು. ಅವರನ್ನು ನಾನು ಎದುರಿಗೆ ನೋಡಿಲ್ಲ. ನೋಡದೆಯೇ ಗುರು ಅಂದುಕೊಂಡಿದ್ದೇನೆ.

ಬೇಸ್ ಕಡೆಗೆ ನನ್ನನ್ನು ಎಳೆದದ್ದು ಮಾತ್ರ ಬೇರೆಯವರು. 2007ರ ಮಾರ್ಚ್ 17ರಂದು ಐರನ್ ಮೇಡನ್ ಎಂಬ ಇಂಗ್ಲೆಂಡಿನ ಮೆಟಲ್ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದಿತ್ತು. ನಾನಾಗ ಪಿಯುಸಿ. ದೊಡ್ಡಪ್ಪನ ಮಗನ ಜೊತೆ ಕೆಂಪು ಬಸ್ಸು ಹತ್ತಿ ಹೋಗಿದ್ದೆ. ಅದರ ಬೇಸ್ ವಾದಕ ಸ್ಟೀವ್ ಹ್ಯಾರಿಸ್ ಎರಡೇ ಬೆರಳಲ್ಲಿ ಕುದುರೆ ಓಡಿಸಿದ ಹಾಗೆ ಬೇಸ್ ಓಡಿಸಿದ್ದನ್ನು ಕಂಡು ಊರಿಗೆ ಬಂದವನು, ಒಬ್ಬ ಹಳೆಯ ಆರ್ಕೆಸ್ಟ್ರಾದವರ ಹತ್ತಿರ ನಾಲ್ಕು ತಂತಿಯ ಸೆಕೆಂಡ್ ಹ್ಯಾಂಡ್ ಬೇಸ್ ಕೊಂಡೆ. ನಮ್ಮ ಚಿಕ್ಕಪ್ಪನದು ಶಾಮಿಯಾನ ಮತ್ತು ಸೌಂಡ್ಸ್ ವ್ಯಾಪಾರ. ಅವರ ಗೋಡೌನೇ ನನ್ನ ಪಾಠಶಾಲೆ.

ಸಾಲಗಾಮೆ ರಸ್ತೆಯ ಇಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ಲಿನಲ್ಲಿದ್ದ ಗೆಳೆಯನೊಬ್ಬ ಒಂದು ಪೆನ್ ಡ್ರೈವ್ ಕೊಟ್ಟ. ಅದರಲ್ಲಿ ಕ್ಯಾನಿಬಲ್ ಕಾರ್ಪ್ಸ್‌ನ 1992ರ ಆಲ್ಬಮ್ ಇತ್ತು. ಮೊಬೈಲಿನಲ್ಲಿ ಕೇಳಿದಾಗ ಜೇನುಗೂಡಿಗೆ ಕಲ್ಲು ಹೊಡೆದ ಹಾಗೆ ಬರೀ ಗುಂಯ್ ಅನ್ನುವ ಸದ್ದು. ಅದು ಸಹಜ. ಸಾಮಾನ್ಯ ಶ್ರುತಿಯಲ್ಲಿ ಬೇಸ್‌ನ ದಪ್ಪ ತಂತಿ ಸೆಕೆಂಡಿಗೆ 41 ಸಲ ಕಂಪಿಸುತ್ತದೆ, ಅಷ್ಟು ಕೆಳಗಿನ ನಾದವನ್ನು ಮೊಬೈಲಿನ ಪುಟ್ಟ ಸ್ಪೀಕರ್ ಹೊರಡಿಸಲಾರದು. ಒಂದು ಮಧ್ಯಾಹ್ನ ಗೋಡೌನಿನಲ್ಲಿ ಹದಿನೆಂಟು ಇಂಚಿನ ಎರಡು ಬೇಸ್ ಬಾಕ್ಸ್ ಜೋಡಿಸಿ ಅದೇ ಹಾಡನ್ನು ಹಾಕಿದೆ. ಆಲ್ಬಮ್ಮಿನ ಮೊದಲ ಹಾಡಿನಲ್ಲಿ ಒಂದು ಜಾಗ ಬರುತ್ತದೆ: ಉಳಿದ ವಾದ್ಯಗಳೆಲ್ಲ ತಟ್ಟನೆ ನಿಲ್ಲುತ್ತವೆ, ಬೇಸ್ ಒಂದೇ ಸರಸರ ಹರಿದು ಹೋಗುತ್ತದೆ, ಮತ್ತೆ ಎಲ್ಲವೂ ಮೇಲೆ ಬಂದು ಬೀಳುತ್ತವೆ. ಕೆಲವೇ ಸೆಕೆಂಡು. ಅಷ್ಟು ಹೊತ್ತು ಗೋಡೌನಿನ ತಗಡು ನಡುಗಿತು. ನಾನು ಅದನ್ನು ಇಪ್ಪತ್ತು ಸಲವಾದರೂ ಹಿಂದಕ್ಕೆ ತಂದು ಕೇಳಿರಬೇಕು.

ನನಗೆ ಹಿಡಿಸಿದ್ದು ವೇಗವಲ್ಲ. ಡೆತ್ ಮೆಟಲ್‌ನಲ್ಲಿ ಗಿಟಾರ್‌ಗಳ ಶ್ರುತಿಯನ್ನು ಇಳಿಸಿರುತ್ತಾರೆ, ಅವು ಬೇಸ್‌ನ ಮನೆಯೊಳಗೇ ಬಂದು ಕೂತಿರುತ್ತವೆ. ಕೆಳಗೆ ಎರಡೂ ಕಾಲಲ್ಲಿ ಬಡಿಯುವ ಡಬಲ್ ಕಿಕ್ ಡ್ರಮ್. ಎರಡರ ಮಧ್ಯೆ ಬೇಸ್ ಮುಳುಗಿಹೋಗುವುದೇ ಹೆಚ್ಚು. ವೆಬ್‌ಸ್ಟರ್ ಮುಳುಗುವುದಿಲ್ಲ, ಹಾಗಂತ ಯಾರ ಮೇಲೂ ಏರಿ ಹೋಗುವುದೂ ಇಲ್ಲ. ಒಂದೊಂದು ಸ್ವರಕ್ಕೂ ಬೆರಳು ತಗುಲಿದ್ದು ಬಿಡಿಬಿಡಿಯಾಗಿ ಕೇಳುತ್ತದೆ. ಅವರು ತಂತಿ ಮೀಟುವ ಬಿಲ್ಲೆ (ಪ್ಲೆಕ್ಟ್ರಮ್) ಹಿಡಿಯುವುದಿಲ್ಲ, ಮೂರು ಬೆರಳಲ್ಲಿ ನುಡಿಸುತ್ತಾರೆ ಎಂದು ಗೊತ್ತಾದಾಗ, ಇದನ್ನು ಕಲಿಯದೆ ಬಿಡಬಾರದು ಅನ್ನಿಸಿತು.

ಲೆಕ್ಕ ಹೀಗಿದೆ. ಲಯಕ್ಕೆ ಟಿಕ್ ಟಿಕ್ ಅನ್ನುವ ಯಂತ್ರ ಮೆಟ್ರೊನೋಮನ್ನು ನಿಮಿಷಕ್ಕೆ 200 ಏಟಿಗೆ ಇಟ್ಟು, ಏಟಿಗೆ ನಾಲ್ಕು ಸ್ವರದಂತೆ ನುಡಿಸಿದರೆ ಸೆಕೆಂಡಿಗೆ 13ಕ್ಕಿಂತ ಹೆಚ್ಚು ಸ್ವರ. ಎರಡು ಬೆರಳಾದರೆ ಒಂದೊಂದಕ್ಕೂ ಆರೂವರೆಗಿಂತ ಹೆಚ್ಚು ಸಲ ಕೆಲಸ, ಮೂರಾದರೆ ನಾಲ್ಕೂವರೆಯ ಒಳಗೆ. ಕಾಗದದ ಮೇಲೆ ಸಲೀಸು. ತೊಂದರೆ ಬರುವುದು ಏಟಿನಲ್ಲಿ. ಬೆರಳು ಮೂರು, ಸ್ವರ ನಾಲ್ಕು. ಉಂಗುರ, ಮಧ್ಯ, ತೋರು ಎಂದು ಸುತ್ತು ಹಾಕಿದರೆ ಮೊದಲ ಏಟು ಉಂಗುರ ಬೆರಳಿಗೆ ಬೀಳುತ್ತದೆ, ಎರಡನೆಯದು ಮಧ್ಯದ ಬೆರಳಿಗೆ, ಮೂರನೆಯದು ತೋರುಬೆರಳಿಗೆ. ಒತ್ತು ಒಂದು ಬೆರಳಲ್ಲಿ ನಿಲ್ಲದೆ ಅಲೆಯುತ್ತಿರುತ್ತದೆ. ನನ್ನ ಉಂಗುರ ಬೆರಳು ಸೋಲುತ್ತಿತ್ತು. ಎರಡು ಸ್ವರ ಗಟ್ಟಿ, ಒಂದು ಸ್ವರ ಸತ್ತ ಹಾಗೆ. ಕುಂಟುವವನು ಓಡಿದಂತೆ ಕೇಳುತ್ತಿತ್ತು.

ಎರಡು ತಿಂಗಳು ಅಲ್ಲೇ ನಿಂತೆ. ಗಂಟು ಬಿಡಿಸಿದವರು ನಮ್ಮ ಬೀದಿಯ ಮೃದಂಗದ ಮೇಷ್ಟ್ರು. ಅವರಿಗೆ ಡೆತ್ ಮೆಟಲ್ ಅಂದರೆ ಏನೆಂದು ಗೊತ್ತಿಲ್ಲ, ನಾನೂ ಹೇಳಲಿಲ್ಲ. ಕೈ ತೋರಿಸಿ, "ಮೇಷ್ಟ್ರೇ, ನಾಲ್ಕರ ಮೇಲೆ ಮೂರು ಕೂರಿಸೋದು ಹೇಗೆ?" ಅಂದೆ. ಅವರು ತೊಡೆ ತಟ್ಟಿಕೊಂಡು, "ಕೈಯಲ್ಲಿ ತಕದಿಮಿ ಹಾಕು, ಬಾಯಲ್ಲಿ ತಕಿಟ ಹೇಳು. ತಕಿಟ ನಾಲ್ಕು ಸಲ, ತಕದಿಮಿ ಮೂರು ಸಲ. ಹನ್ನೆರಡಕ್ಕೆ ಎರಡೂ ಒಟ್ಟಿಗೆ ಮನೆಗೆ ಬರ್ತವೆ. ಬೆರಳಿಗೆ ಆಮೇಲೆ ಕಲಿಸು, ಮೊದಲು ಬಾಯಿಗೆ ಬರಲಿ" ಅಂದರು. ಹನ್ನೆರಡು ಸ್ವರ, ಮೂರು ಏಟು, ಮೂರೂ ಬೆರಳಿಗೆ ಒಂದೊಂದು ಒತ್ತು. ಅದಾದ ಮೇಲೆ ಹದಿಮೂರನೆಯ ಸ್ವರಕ್ಕೆ ಮತ್ತೆ ಉಂಗುರ ಬೆರಳೇ ಏಟಿನ ಮೇಲೆ ಬರುತ್ತದೆ. ಇಷ್ಟು ದಿನ ನಾನು ಬೆರಳಿನ ಕಸರತ್ತು ಅಂದುಕೊಂಡಿದ್ದು ಲಯದ ಪಾಠವಾಗಿತ್ತು.

ಅಲ್ಲಿಂದ ಮೆಟ್ರೊನೋಮ್ 60ಕ್ಕೆ ಇಳಿಸಿದೆ. ಸೆಕೆಂಡಿಗೆ ನಾಲ್ಕೇ ಸ್ವರ. ವಾರಕ್ಕೆ ನಾಲ್ಕು ಅಂಕಿ ಮಾತ್ರ ಏರಿಸುವುದು, ಒಂದು ಸ್ವರ ಮಂಕಾದರೂ ಮತ್ತೆ ಇಳಿಸುವುದು. ಉಂಗುರ ಬೆರಳೂ ತೋರುಬೆರಳೂ ಮಧ್ಯದ ಬೆರಳಿಗಿಂತ ಗಿಡ್ಡ, ಆದ್ದರಿಂದ ಮಧ್ಯದ ಬೆರಳನ್ನು ಸ್ವಲ್ಪ ಹೆಚ್ಚು ಮಡಿಸಿ ಮೂರರ ತುದಿಯನ್ನೂ ಒಂದೇ ಗೆರೆಗೆ ತರಬೇಕು. ಹೆಬ್ಬೆರಳನ್ನು ಒಂದೇ ಕಡೆ ಊರದೆ ನುಡಿಸುವ ತಂತಿಯ ಮೇಲಿನ ತಂತಿಗೆ ಒರಗಿಸಿಕೊಂಡು ಓಡಾಡಿಸಿದರೆ ಬೇಡದ ತಂತಿಯ ಗುಯ್‌ಗುಟ್ಟುವಿಕೆಯೂ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯ, ತಂತಿಯನ್ನು ಕೀಳಬಾರದು, ಸವರಬೇಕು. ಜೋರು ಬೇಕಾದರೆ ಆಂಪ್ಲಿಫೈಯರ್ ಕೊಡುತ್ತದೆ. ಮುಂಗೈ ಸೆಳೆಯತೊಡಗಿದರೆ ಅಂದಿಗೆ ಮುಗಿಸಬೇಕು. ನಾನು ಹಟ ಹಿಡಿದು ನುಡಿಸಿ ಹತ್ತು ದಿನ ಕೈಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೇನೆ. 160 ಮುಟ್ಟಲು ಒಂದು ವರ್ಷದ ಮೇಲಾಯಿತು. 200 ನನಗೆ ಇಂದಿಗೂ ಕೆಲವು ಆವರ್ತಗಳಷ್ಟು ಹೊತ್ತು ಮಾತ್ರ ದಕ್ಕುತ್ತದೆ.

ಈ ನಡುವೆ 2011ರಲ್ಲಿ ವೆಬ್‌ಸ್ಟರ್ ಮೆಟಲ್ ಬೇಸ್ ಕಲಿಯುವವರಿಗಾಗಿ ಒಂದು ಪಾಠಪುಸ್ತಕ ಬರೆದರು. ಬೆಂಗಳೂರಿನ ಗೆಳೆಯನ ಮೂಲಕ ತರಿಸಿಕೊಂಡೆ. ಇಲ್ಲಿಂದ ನನ್ನ ಅಭಿಮಾನ ಬೇರೆ ದಾರಿ ಹಿಡಿಯಿತು. ಅವರ ಬ್ಯಾಂಡ್ ಶುರುವಾದದ್ದು 1988ರಲ್ಲಿ, ನ್ಯೂಯಾರ್ಕ್ ರಾಜ್ಯದ ಬಫಲೋ ಊರಲ್ಲಿ. ಅಷ್ಟು ವರ್ಷ ಬೆರಳು ಸವೆಸಿ ಗಳಿಸಿದ್ದನ್ನು ಒಬ್ಬ ಮನುಷ್ಯ ಹೀಗೆ ಬಿಡಿಸಿ ಮುಂದಿಡುತ್ತಾನೆ ಅಂದರೆ! ನಮ್ಮ ಕಸುಬಿನಲ್ಲಿ ಗಿಟಾರಿನ ಒಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಹೇಗೆ ಹಿಡಿದೆ ಎಂದು ಕೇಳಿದರೆ ಕೈ ತಿರುಗಿಸಿಕೊಳ್ಳುವವರನ್ನು ನೋಡಿದ್ದೆ. ಬೆಂಗಳೂರಿನಲ್ಲಿ ಒಮ್ಮೆ ನಾನು ಬಹಳ ಮೆಚ್ಚಿದ್ದ ವಾದಕರೊಬ್ಬರ ಹತ್ತಿರ ಹೋಗಿ ತಂತಿಯ ದಪ್ಪ ಎಷ್ಟು ಎಂದು ಕೇಳಿದ್ದೆ. ಅವರು ಉತ್ತರ ಕೊಡದೆ ಪಕ್ಕದವರ ಜೊತೆ ಮಾತು ಮುಂದುವರಿಸಿದರು. ಆ ಮುಖಭಂಗ ವರ್ಷಗಟ್ಟಲೆ ಒಳಗೇ ಇತ್ತು.

ವೆಬ್‌ಸ್ಟರ್ ಅವರ ಸಂದರ್ಶನಗಳನ್ನು ಹುಡುಕಿ ಹುಡುಕಿ ನೋಡಿದೆ. ದನಿ ಏರುವುದಿಲ್ಲ. ಮೂರು ಬೆರಳಿನ ಮಾತು ಬಂದರೆ ಬಿಲ್ಲಿ ಶೀಹನ್, ಸ್ಟೀವ್ ಡಿಜಾರ್ಜಿಯೊ ಎಂದು ಬೇರೆ ಬೇಸ್ ವಾದಕರ ಹೆಸರು ಹೇಳುತ್ತಾರೆ. ಬ್ಯಾಂಡಿನ ಎಷ್ಟೋ ಹಾಡುಗಳನ್ನು ಕಟ್ಟಿದವರು ಅವರೇ. 1988ರಿಂದ ಇಂದಿನವರೆಗೆ ಉಳಿದವರು ಇಬ್ಬರೇ, ಅವರು ಮತ್ತು ಡ್ರಮ್ಮರ್ ಪಾಲ್ ಮಜುರ್ಕೆವಿಚ್. ಹೀಗಿದ್ದೂ ವೇದಿಕೆಯಲ್ಲಿ ಮುಂದೆ ನಿಲ್ಲುವವರು ಗಾಯಕರು. ವೆಬ್‌ಸ್ಟರ್ ತಮ್ಮ ಪಕ್ಕದಲ್ಲಿ ತಲೆ ತಗ್ಗಿಸಿ, ಕೂದಲು ಇಳಿಬಿಟ್ಟು ನುಡಿಸುತ್ತಿರುತ್ತಾರೆ. ಜಗತ್ತಿನ ಯಾವ ಮೂಲೆಯ ಮೆಟಲ್ ಅಭಿಮಾನಿಯನ್ನು ಕೇಳಿದರೂ ಅವರ ಬೆರಳಿನ ಮಾತು ಮುಗಿಯುವ ಮೊದಲೇ ಅವರ ಸೌಜನ್ಯದ ಮಾತು ಬರುತ್ತದೆ.

ಅಕ್ಟೋಬರ್ 25 ಅವರ ಹುಟ್ಟಿದ ದಿನ. ಹೆಚ್ಚುಕಡಿಮೆ ಹಾಸನಾಂಬೆಯ ಬಾಗಿಲು ತೆರೆಯುವ ಕಾಲ, ನಮ್ಮ ಸೌಂಡ್ಸ್‌ಗೆ ಉಸಿರಾಡಲು ಬಿಡುವಿರುವುದಿಲ್ಲ. ಆದರೂ ಆ ವಾರದ ಒಂದು ರಾತ್ರಿ ಗೋಡೌನಿನಲ್ಲಿ ನಾವು ಏಳೆಂಟು ಜನ ಸೇರುತ್ತೇವೆ. ಸಕಲೇಶಪುರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರು, ಚಿಕ್ಕಮಗಳೂರಿನ ಔಷಧಿ ಅಂಗಡಿಯವರು, ಇಲ್ಲಿನ ಇಬ್ಬರು ಕಾಲೇಜು ಹುಡುಗರು. ಚುರುಮುರಿ, ಟೀ, ಬೇಸ್ ಬಾಕ್ಸ್. ಮೊದಲು ಹಾಡು ಕೇಳುತ್ತೇವೆ. ಆಮೇಲೆ ಮಾತು ತಾನಾಗಿ ಆ ಮನುಷ್ಯನ ಕಡೆ ತಿರುಗುತ್ತದೆ. "ಇಷ್ಟು ರೌದ್ರ ನುಡಿಸೋ ಮನುಷ್ಯ ಇಷ್ಟು ಮೆತ್ತಗೆ ಮಾತಾಡ್ತಾರಲ್ಲ, ಅದೇ ನಂಗೆ ಸಮಾಧಾನ ಕಣ್ರೀ" ಎಂದು ತೋಟದ ರೈಟರ್ ಪ್ರತಿ ವರ್ಷ ಹೇಳುತ್ತಾರೆ. ನಾವೂ ಪ್ರತಿ ವರ್ಷ ಹೊಸದಾಗಿ ಕೇಳಿದಂತೆ ಹೂಂಗುಡುತ್ತೇವೆ.

ಅಮ್ಮನಿಗೆ ಇದನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಕ್ಯಾನಿಬಲ್ ಕಾರ್ಪ್ಸ್ ಅಂದರೆ ನರಭಕ್ಷಕ ಹೆಣ. ಆಲ್ಬಮ್ಮಿನ ಮೇಲಿನ ಚಿತ್ರ ನೋಡಿ ಅವರು, "ದೀಪ ಹಚ್ಚೋ ಮನೇಲಿ ಇದೇನಪ್ಪ ಇದು" ಅಂದರು. ಕೋಪಕ್ಕಿಂತ ಹೆದರಿಕೆ ಹೆಚ್ಚಿತ್ತು ಆ ದನಿಯಲ್ಲಿ. ನಾನು ವಾದ ಮಾಡಲಿಲ್ಲ. ಕೆಲವು ದಿನಗಳ ಮೇಲೆ ನೆಂಟರನ್ನು ಕರೆದುಕೊಂಡು ಹಳೇಬೀಡಿಗೆ ಹೋಗಿದ್ದೆವು. ಹೊಯ್ಸಳೇಶ್ವರ ದೇವಸ್ಥಾನದ ಹೊರಗೋಡೆಯಲ್ಲಿ ಉಗ್ರ ನರಸಿಂಹ ಹಿರಣ್ಯಕಶಿಪುವನ್ನು ತೊಡೆಯ ಮೇಲೆ ಕೆಡವಿಕೊಂಡು ಹೊಟ್ಟೆ ಬಗೆದು ಕರುಳು ಎಳೆಯುವ ಶಿಲ್ಪವಿದೆ. ಅಮ್ಮ ಅದಕ್ಕೆ ಕೈ ಮುಗಿದರು. ನಾನು ಮೆಲ್ಲಗೆ, "ಇದನ್ನ ಕೆತ್ತಿದವನು ಮನೆಗೆ ಹೋಗಿ ಮಗೂನ ತೊಡೆ ಮೇಲೆ ಮಲಗಿಸಿಕೊಂಡಿರ್ತಾನೆ ಅಲ್ವೇನಮ್ಮ?" ಅಂದೆ. ಅವರು ತಿರುಗಿ ನೋಡಿದರು, ಏನೂ ಅನ್ನಲಿಲ್ಲ. ದೇವರ ಶಿಲ್ಪವೂ ಬ್ಯಾಂಡಿನ ಕಲ್ಪಿತ ಭೀಕರ ಕಥೆಗಳೂ ಒಂದೇ ಎಂದು ನಾನು ಹೇಳುವುದಿಲ್ಲ. ಅವರ ಕೆಲವು ಹಾಡುಗಳ ಸಾಹಿತ್ಯ ನನಗೂ ಬೇಡ, ಅವನ್ನು ನಾನು ಹಾಕುವುದಿಲ್ಲ. ಆದರೆ ಉಗ್ರವನ್ನು ಕಡೆದ ಕೈ ಕ್ರೂರವಾಗಿರಲೇಬೇಕೆಂದಿಲ್ಲ ಎಂಬುದನ್ನು ಹಾಸನ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈಗ ನನ್ನ ತಪ್ಪಿನ ವಿಷಯ. 2016ರ ಗಣಪತಿ ಹಬ್ಬ, ಅರಕಲಗೂಡು ಕಡೆಯ ಒಂದು ಊರು. ಕಾರ್ಯಕ್ರಮ ಮುಗಿದಾಗ ರಾತ್ರಿ ಒಂದು ಗಂಟೆ ದಾಟಿತ್ತು, ಮಳೆ ಹನಿಯುತ್ತಿತ್ತು. ನಾನು ವೈರ್ ಸುತ್ತುತ್ತಿದ್ದೆ. ಹತ್ತು ಹನ್ನೊಂದು ವರ್ಷದ ಹುಡುಗನೊಬ್ಬ ಬಂದು, "ಅಣ್ಣ, ಅದ್ರಲ್ಲಿ ಆರು ತಂತಿ, ನಿಮ್ದ್ರಲ್ಲಿ ಯಾಕೆ ನಾಲ್ಕೇ?" ಅಂದ. "ಹೋಗೋ ಆಚೆ, ವೈರ್ ತುಳೀಬೇಡ" ಅಂದುಬಿಟ್ಟೆ. ಅವನು ಮಾತಾಡದೆ ಹೋದ. ವಾಪಸು ಬರುವಾಗ ಗಾಡಿಯಲ್ಲಿ ಬಾಕ್ಸ್‌ಗಳ ಮಧ್ಯೆ ಕೂತಿದ್ದಾಗ, ಬೆಂಗಳೂರಿನಲ್ಲಿ ನನಗೆ ಬೆನ್ನು ತೋರಿಸಿದವರ ಮುಖ ಕಣ್ಣಿಗೆ ಬಂತು. ಅದು ನನ್ನ ಮುಖವೇ ಆಗಿತ್ತು. ಐದು ವರ್ಷ ವೆಬ್‌ಸ್ಟರ್ ಪುಸ್ತಕ ಮುಂದಿಟ್ಟುಕೊಂಡು ನಾನು ಕಲಿತದ್ದು ಅರ್ಧ ಮಾತ್ರ. ಮುಂದಿನ ವರ್ಷ ಅದೇ ಊರಿಗೆ ಹೋದಾಗ ಆ ಹುಡುಗನಿಗಾಗಿ ಜನರ ಮಧ್ಯೆ ಕಣ್ಣಾಡಿಸಿದೆ. ಸಿಗಲಿಲ್ಲ.

ಅಂದಿನಿಂದ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಕಾರ್ಯಕ್ರಮ ಮುಗಿದ ಕೂಡಲೇ ವೈರ್ ಸುತ್ತುವುದಿಲ್ಲ. ಬೇಸನ್ನು ತೊಡೆಯ ಮೇಲಿಟ್ಟುಕೊಂಡು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಒಂದು ಕಾಲು ಗಂಟೆ ಕೂರುತ್ತೇನೆ. ಯಾರಾದರೂ ಬಂದರೆ ಕೈಗೆ ಕೊಡುತ್ತೇನೆ. ಮಕ್ಕಳಿಗೆ ದಪ್ಪ ತಂತಿ ಮೀಟಿಸಿ, ಕೈಯನ್ನು ಬಾಕ್ಸ್‌ನ ಮೇಲೆ ಇಡಿಸುತ್ತೇನೆ. ಸ್ವರವನ್ನು ಕಿವಿಗಿಂತ ಮೊದಲು ಅಂಗೈಯಲ್ಲಿ ಕೇಳಿದಾಗ ಅವರ ಮುಖ ನೋಡಬೇಕು. ಮೊದಮೊದಲು ಚಿಕ್ಕಪ್ಪ ಗೊಣಗಿದರು, ಗಾಡಿ ಬಾಡಿಗೆ ಏರುತ್ತದಲ್ಲ. ಈಗ ಅವರೇ ಮಕ್ಕಳನ್ನು ಕರೆದು, "ಅಲ್ಲಿ ಹೋಗ್ರೋ, ಅಣ್ಣ ತೋರಿಸ್ತಾನೆ" ಅನ್ನುತ್ತಾರೆ.

ಸೌಂಡ್ ಮಿಕ್ಸರ್ ಮುಂದೆ ಕೂತಾಗಲೂ, ಮುಳುಗದೆ ಯಾರ ಮೇಲೂ ಏರದೆ ಇರುವ ವೆಬ್‌ಸ್ಟರ್ ಬುದ್ಧಿಯೇ ಕೆಲಸಕ್ಕೆ ಬಂತು. ಮುಂಚೆ ಬೇಸ್ ಕೇಳುತ್ತಿಲ್ಲ ಅನ್ನಿಸಿದರೆ ಅದರ ವಾಲ್ಯೂಮ್ ಏರಿಸುತ್ತಿದ್ದೆ, ಎಲ್ಲರೂ ಏರಿಸುತ್ತಿದ್ದರು, ಕೊನೆಗೆ ಮಾತೇ ಕೇಳದಷ್ಟು ಗದ್ದಲ. ಈಗ ಗಿಟಾರಿನಲ್ಲಿ 100 ಹರ್ಟ್ಸ್ (ಸೆಕೆಂಡಿಗೆ 100 ಕಂಪನ) ಕೆಳಗಿನ ನಾದವನ್ನು ತೆಗೆಯುತ್ತೇನೆ, ಬೇಸ್‌ನಲ್ಲಿ 800 ಹರ್ಟ್ಸ್ ಆಸುಪಾಸನ್ನು ತುಸು ಎತ್ತುತ್ತೇನೆ. ಬೆರಳಿನ ಸದ್ದು ತಾನಾಗಿ ಬಿಡಿಯಾಗಿ ಕಾಣಿಸಿಕೊಳ್ಳುತ್ತದೆ, ಗಾಯಕರ ದನಿಗೂ ಜಾಗ ಸಿಗುತ್ತದೆ.

ಹಾಗೆ ವೇದಿಕೆಯ ಅಂಚಿಗೆ ಬಂದವರಲ್ಲಿ ಒಬ್ಬ ಉಳಿದುಕೊಂಡಿದ್ದಾನೆ. ಕಟ್ಟಿನಕೆರೆ ಮಾರುಕಟ್ಟೆಯಲ್ಲಿ ಅವನ ಅಪ್ಪ ಸೊಪ್ಪು ಮಾರುತ್ತಾರೆ. ಬೆಳಗ್ಗೆ ಅಂಗಡಿ ಕೆಲಸಕ್ಕೆ ಕೈಜೋಡಿಸಿ ಕಾಲೇಜಿಗೆ ಹೋಗುವ ಹುಡುಗ, ಭಾನುವಾರ ಗೋಡೌನಿಗೆ ಬರುತ್ತಾನೆ. ದುಡ್ಡು ತೆಗೆದುಕೊಳ್ಳುವುದಿಲ್ಲ ಅಂದಿದ್ದಕ್ಕೆ ಅವರಪ್ಪ ಪ್ರತಿ ವಾರ ಒಂದು ಕಟ್ಟು ಸಬ್ಬಸಿಗೆ ಕಳಿಸುತ್ತಾರೆ. ಬೇಸ್ ಒಂದೇ ಇರುವುದರಿಂದ ನಾನು ನುಡಿಸುವಾಗ ಅವನು ಪ್ಲಾಸ್ಟಿಕ್ ಕುರ್ಚಿಯ ಕೈ ಮೇಲೆ ಬೆರಳು ಆಡಿಸುತ್ತಾನೆ. ಕಳೆದ ವಾರ ಬಹಳ ಹೊತ್ತು ತುಟಿಯಲ್ಲೇ ತಕಿಟ ತಕಿಟ ಎಣಿಸುತ್ತಿದ್ದವನು ತಟ್ಟನೆ ನಿಲ್ಲಿಸಿ ತಲೆ ಎತ್ತಿದ.

"ಅಣ್ಣ, ಹದಿಮೂರನೇದು ಮತ್ತೆ ಉಂಗುರದ ಬೆರಳಿಗೇ ಬರ್ತದಲ್ವಾ?"

"ಹೂಂ ಕಣೋ," ಅಂದು ಬೇಸನ್ನು ಅವನ ಕೈಗೆ ಕೊಟ್ಟೆ. "ಅರವತ್ತಕ್ಕೆ ಇಟ್ಕೋ. ಮೊದಲಿಂದ ನುಡಿಸು."