ಜೀವಂತ ಹವಳವನ್ನು ಅಳೆಯುವ ಕ್ರಮ

ಲಕ್ಷದ್ವೀಪದ ಹವಳದ ದಿಬ್ಬಗಳ ಮೇಲೆ ಒಮ್ಮೆ ಈಜಿ ಬಂದವರು ಹವಳ ಸೊಂಪಾಗಿದೆ ಎಂದೋ, ಎಲ್ಲ ಸತ್ತುಹೋಗಿದೆ ಎಂದೋ ತೀರ್ಪು ಕೊಟ್ಟುಬಿಡುತ್ತಾರೆ. ಇಲ್ಲಿ ಕಣ್ಣಳತೆಯನ್ನು ನಂಬುವಂತಿಲ್ಲ. ದಿಬ್ಬದ ಬಹುಪಾಲು ಹಿಂದಿನ ತಲೆಮಾರುಗಳ ಹವಳ ಬಿಟ್ಟುಹೋದ ಸುಣ್ಣದ ಗೂಡು. ಜೀವವಿರುವುದು ಮೇಲಿನ ತೆಳುವಾದ ಪದರದಲ್ಲಿ ಮಾತ್ರ. ಆದ್ದರಿಂದ ಅಳೆಯಬೇಕಾದುದು ದಿಬ್ಬದ ಗಾತ್ರವನ್ನಲ್ಲ, ತಳದ ಶೇಕಡಾ ಎಷ್ಟು ಭಾಗವನ್ನು ಜೀವಂತ ಗಟ್ಟಿ ಹವಳ ಹೊದ್ದುಕೊಂಡಿದೆ ಎಂಬುದನ್ನು.

ಆಳವನ್ನೂ ಜಾಗವನ್ನೂ ದೋಣಿಯಲ್ಲಿರುವಾಗಲೇ ಗೊತ್ತುಮಾಡಿಕೊಳ್ಳಬೇಕು. ನೀರಿಗಿಳಿದ ಮೇಲೆ ಯಾರ ಕೈಯಾದರೂ ಟೇಪನ್ನು ಚೆಂದದ ಕಡೆಗೇ ಎಳೆಯುತ್ತದೆ. ಒಂದೇ ಆಳದ ಗುಂಟ 20 ಮೀಟರ್ ಟೇಪನ್ನು ತಳಕ್ಕೆ ಹತ್ತಿರವಾಗಿ ಬಿಗಿದು, ಅದರ ಅಡಿಯಲ್ಲಿರುವುದು ಎಲ್ಲೆಲ್ಲಿ ಬದಲಾಗುತ್ತದೆಯೋ ಆ ಅಂಕಿಗಳನ್ನು ಪ್ಲಾಸ್ಟಿಕ್ ಹಲಗೆಯ ಮೇಲೆ ಪೆನ್ಸಿಲಿನಿಂದ ಬರೆಯುತ್ತ ಸಾಗಬೇಕು. 3.40ರಿಂದ 4.15ರವರೆಗೆ ಗುಂಡು ಹವಳ, ಅಲ್ಲಿಂದ 4.60ರವರೆಗೆ ಮರಳು ಎಂದಿದ್ದರೆ ಹವಳದ ಲೆಕ್ಕಕ್ಕೆ ಸೇರುವುದು 75 ಸೆಂಟಿಮೀಟರ್. ಇಂಥವೆಲ್ಲ ಕೂಡಿ 6.2 ಮೀಟರ್ ಆದರೆ ಹೊದಿಕೆ ಶೇ. 31. ಸಮಯ ಕಡಿಮೆಯಿದ್ದಾಗ ಪ್ರತಿ ಅರ್ಧ ಮೀಟರಿಗೆ ಒಂದರಂತೆ 40 ಬಿಂದುಗಳ ಕೆಳಗೆ ಏನಿದೆ ಎಂದು ಗುರುತಿಸಿಕೊಳ್ಳಬಹುದು. ಎರಡರಲ್ಲಿ ಯಾವುದೇ ಆಗಲಿ, ಹಲವು ಕಡೆ ಟೇಪು ಹಾಸಿ ಸರಾಸರಿ ತೆಗೆಯಬೇಕು.

ಲೆಕ್ಕಕ್ಕಿಂತ ಕಷ್ಟವಾದದ್ದು ಜೀವವನ್ನು ಗುರುತಿಸುವುದು. ನೀರು ಬಿಸಿಯಾದಾಗ ಹವಳವು ತನ್ನ ಒಡಲಲ್ಲಿದ್ದ, ತನಗೆ ಆಹಾರ ಒದಗಿಸುವ ಸೂಕ್ಷ್ಮ ಪಾಚಿಯನ್ನು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ; ಆದರೆ ಅದಿನ್ನೂ ಸತ್ತಿರುವುದಿಲ್ಲ. ಹತ್ತಿರಕ್ಕೆ ಹೋಗಿ, ಮುಟ್ಟದೆ ನೋಡಿದರೆ, ಪುಟ್ಟ ಬಟ್ಟಲುಗಳಂಥ ಗುಳಿಗಳ ಮೇಲೆ ಗಾಜಿನಂತೆ ಪಾರದರ್ಶಕವಾದ ಮಾಂಸ ಕಾಣುತ್ತದೆ. ಇದನ್ನು ಜೀವಂತ ಹವಳದಲ್ಲೇ ಸೇರಿಸಿ, "ಬಿಳಿಚಿದ್ದು" ಎಂದು ಬೇರೆ ಗುರುತು ಹಾಕಬೇಕು. ಗುಳಿಗಳು ಬರಿದಾಗಿ, ಅವುಗಳ ಅಂಚಿನಲ್ಲಿ ಹಸಿರು ಪಾಚಿಯ ನವಿರು ಮೂಡಿದ್ದರೆ ಅದು ಸತ್ತ ಹವಳ. ಬಂಡೆಗೆ ಬಣ್ಣ ಬಳಿದಂತೆ ಅಂಟಿರುವ ಗುಲಾಬಿ ಸುಣ್ಣಪಾಚಿಯನ್ನು ಹವಳವೆಂದು ಬರೆಯುವುದು ಹೊಸಬರ ಸಾಮಾನ್ಯ ತಪ್ಪು.

ಶೇಕಡಾವಾರಿನ ಜೊತೆಗೆ ಆಕಾರವನ್ನೂ ಬರೆಯದಿದ್ದರೆ ಹವಳ ಅಲ್ಲಿ ಮಾಡುತ್ತಿರುವ ಕೆಲಸ ಗೊತ್ತಾಗುವುದಿಲ್ಲ. ಕವಲೊಡೆದ ಅಕ್ರೊಪೊರಾ ಎಂಬ ಹವಳದ ಸಂದುಗಳಲ್ಲಿ ಅಡಗುವಷ್ಟು ಮರಿಮೀನುಗಳು ಅಷ್ಟೇ ಅಗಲದ, ಪೊರೈಟಿಸ್ ಎಂಬ ಗುಂಡು ಹವಳದಲ್ಲಿ ಅಡಗಲಾರವು. ಶಾಖಕ್ಕೆ ಸಾಮಾನ್ಯವಾಗಿ ಮೊದಲು ಬಲಿಯಾಗುವುದೂ ಅಕ್ರೊಪೊರಾವೇ. ಲಕ್ಷದ್ವೀಪ 1998, 2010 ಮತ್ತು 2016ರಲ್ಲಿ ಇಂಥ ಬಿಳಿಚುವಿಕೆಯನ್ನು ಕಂಡಿದೆ. ಗಿಣಿಮೀನುಗಳು ಪಾಚಿಯನ್ನು ಕೆರೆದು ತಿಂದು ಹವಳದ ಮರಿಗಳು ನೆಲೆಯೂರಲು ಜಾಗ ಮಾಡಿಕೊಡುವುದರಿಂದ ಅವನ್ನೂ ಎಣಿಸಿಕೊಳ್ಳುವುದು ಒಳ್ಳೆಯದು.

ಮುರುಡೇಶ್ವರದ ಎದುರಿನ ನೇತ್ರಾಣಿಯಂಥ ಕಡೆ, ಏರುಪೇರಾದ ಬಂಡೆಗಳ ಮೇಲೆ ಟೇಪು ಜೋತುಬೀಳುತ್ತದೆ. ಅಲ್ಲಿ 50 ಸೆಂಟಿಮೀಟರ್ ಚೌಕಟ್ಟನ್ನಿಟ್ಟು ನೇರ ಮೇಲಿನಿಂದ ಫೋಟೋ ತೆಗೆದು, ದಡಕ್ಕೆ ಬಂದ ಮೇಲೆ ಫೋಟೋದ ಮೇಲೆ ಬಿಂದುಗಳನ್ನಿಟ್ಟು, ಅವುಗಳಲ್ಲಿ ಎಷ್ಟು ಹವಳದ ಮೇಲೆ ಬೀಳುತ್ತವೆ ಎಂದು ಎಣಿಸುವುದು ಮೇಲು. ಭಾರತದಲ್ಲಿ ಗಟ್ಟಿ ಹವಳಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿರುವುದರಿಂದ ಮಾದರಿಗೆಂದು ಚೂರನ್ನೂ ಮುರಿಯುವಂತಿಲ್ಲ. ಒಂದೇ ಟೇಪನ್ನು ಇಬ್ಬರು ಬೇರೆಬೇರೆಯಾಗಿ ಓದಿ ನೋಡಬೇಕು. ಅವರಿಬ್ಬರ ನಡುವೆಯೇ ಶೇ. 4ರಷ್ಟು ಅಂತರ ಬಂದರೆ, ಮರುವರ್ಷ ಅದೇ ಜಾಗದಲ್ಲಿ ಕಾಣುವ ಶೇ. 3ರ ಇಳಿಕೆಯನ್ನು ಹವಳದ ಸಾವೆಂದು ಬರೆಯಲಾಗದು.