ಸೋದರ ಸಭೆಗಳ ನಡುವಿನ ಪತ್ರಗಳು: ನನ್ನ ಅನುಭವ

ನಮ್ಮ ಕ್ರೈಸ್ತ ಪಂಗಡದ ಸಭಾ ಸಂಬಂಧಗಳ ಸಮಿತಿಯ ಕಾರ್ಯದರ್ಶಿಯಾಗಿ ನಾನು ಬಹಳ ವರ್ಷ ದುಡಿದಿದ್ದೇನೆ. ಬೇರೆ ಬೇರೆ ದೇಶಗಳ ರಿಫಾರ್ಮ್ಡ್ ಮತ್ತು ಪ್ರೆಸ್ಬಿಟೇರಿಯನ್ ಸಭೆಗಳೊಂದಿಗೆ, ಅಂದರೆ ಕ್ಯಾಲ್ವಿನನ ಪರಂಪರೆಯ ಪ್ರಾಟೆಸ್ಟೆಂಟ್ ಚರ್ಚುಗಳೊಂದಿಗೆ, ಅನ್ಯೋನ್ಯತೆ ಕಾಪಾಡಿಕೊಳ್ಳುವುದು ಈ ಸಮಿತಿಯ ಹೊಣೆ. ಸಮ್ಮೇಳನಗಳಿಗೆ ಹೋಗಿ ವಂದನೆ ಹೇಳಿ ಬರುವುದೇ ಇದರ ಕೆಲಸವೆಂದು ಹಲವರು ತಿಳಿದಿದ್ದಾರೆ. ನನ್ನ ಹೆಚ್ಚಿನ ಸಮಯ ಹೋದದ್ದು ಓದುವುದರಲ್ಲಿ, ಪತ್ರ ಬರೆಯುವುದರಲ್ಲಿ.

ಸೋದರ ಸಭೆಯ ಸಿನೋಡ್ (ಸಭಾ ಪ್ರತಿನಿಧಿಗಳ ಮಹಾಸಭೆ) ಮುಗಿದ ಕೆಲವು ತಿಂಗಳಿಗೆ ಅದರ ನಡಾವಳಿ ಕೈಸೇರುತ್ತದೆ. ದಪ್ಪ ಪುಸ್ತಕ, ಒಣ ಭಾಷೆ. ನಾನು ಠರಾವುಗಳಿಂದ ಓದಲು ತೊಡಗುವುದಿಲ್ಲ. ಯಾವ ಅಧ್ಯಯನ ಸಮಿತಿಗಳನ್ನು ನೇಮಿಸಿದ್ದಾರೆ, ಅವುಗಳಿಗೆ ಯಾವ ಪ್ರಶ್ನೆ ಒಪ್ಪಿಸಿದ್ದಾರೆ ಎಂಬುದನ್ನು ಮೊದಲು ಹುಡುಕುತ್ತೇನೆ. ಠರಾವಾದ ಮೇಲೆ ಬರೆದ ಪತ್ರವನ್ನು ಅವರು ಆಕ್ಷೇಪಣೆ ಎಂದು ಓದುತ್ತಾರೆ. ವಿಷಯ ಇನ್ನೂ ಸಮಿತಿಯ ಮುಂದಿರುವಾಗ ಹೋದ ಪತ್ರಕ್ಕೆ ಸಲಹೆಯ ಬೆಲೆ ಸಿಗುತ್ತದೆ. ಆಮೇಲೆ ಮೇಲ್ಮನವಿಗಳ ಭಾಗ. ಆ ಸಭೆಯ ಜನರಿಗೆ ನೋವು ಎಲ್ಲಿದೆ ಎಂಬುದು ಅಲ್ಲಿ ಗೊತ್ತಾಗುತ್ತದೆ. ನಮ್ಮ ಭಾನುವಾರದ ಪ್ರಾರ್ಥನೆಗೆ ಬೇಕಾದ ವಿಷಯಗಳನ್ನೂ ನಾನು ಹೆಚ್ಚಾಗಿ ಅಲ್ಲಿಂದಲೇ ಆರಿಸಿಕೊಡುತ್ತಿದ್ದೆ.

ಪತ್ರ ಬರೆಯುವಾಗ ಅವರದೇ ಮಾತಿನಿಂದ ಹೊರಡುತ್ತೇನೆ: ನಡಾವಳಿಯ ಇಂಥ ವಿಧಿ, ಅವರೇ ಸಹಿ ಹಾಕಿರುವ ವಿಶ್ವಾಸದ ಅರಿಕೆಯ (ಸಭೆ ಏನನ್ನು ನಂಬುತ್ತದೆಂಬ ಲಿಖಿತ ಹೇಳಿಕೆಯ) ಇಂಥ ವಾಕ್ಯ, ಇವೆರಡು ಹೇಗೆ ಕೂಡಿಬರುತ್ತವೆ ಎಂದು ದಯವಿಟ್ಟು ವಿವರಿಸಿರಿ. ತೀರ್ಪಿನ ಧಾಟಿ ಬಂದ ಸಾಲುಗಳನ್ನು ತೆಗೆದುಹಾಕಿ, ಕರಡನ್ನು ಸಭೆಯ ಮೇಲ್ವಿಚಾರಣೆಗೆ ನೇಮಕವಾದ ಹಿರಿಯರಲ್ಲಿ ಇಬ್ಬರಿಗೆ ಓದಲು ಕೊಡುತ್ತೇನೆ. ಪರಿಚಯದ ಸಭಾಪಾಲಕರೊಬ್ಬರಿಗೆ ಖಾಸಗಿಯಾಗಿ ಬರೆಯುವುದು ಸುಲಭ. ಆದರೆ ಅಂಥ ಪತ್ರಕ್ಕೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಸಮಿತಿಯಿಂದ ಸಮಿತಿಗೆ, ಮುಂದಿನ ಸಿನೋಡಿನ ಕಾರ್ಯಸೂಚಿ ಮುಚ್ಚುವುದಕ್ಕೆ ಮೊದಲು ಪತ್ರ ಹೋಗಬೇಕು.

ಇದಕ್ಕೆ ಹಳೆಯ ಮೇಲ್ಪಂಕ್ತಿ ಇದೆ. ದೇವರ ಆಯ್ಕೆಯ ಕುರಿತ ವಿವಾದವನ್ನು ತೀರ್ಮಾನಿಸಲು 1618–19ರಲ್ಲಿ ನೆದರ್ಲೆಂಡ್ಸಿನ ಡಾರ್ಡ್ರೆಕ್ಟ್‌ನಲ್ಲಿ ಕೂಡಿದ ಸಿನೋಡಿಗೆ ಇಂಗ್ಲೆಂಡ್, ಸ್ವಿಟ್ಜರ್ಲೆಂಡಿನ ನಗರಗಳು, ಜಿನೀವಾ, ಜರ್ಮನಿಯ ಹಲವು ಸಂಸ್ಥಾನಗಳಿಂದ ದೇವಶಾಸ್ತ್ರಜ್ಞರು ಬಂದಿದ್ದರು. ಅವರು ವಂದನೆ ಹೇಳಿ ಹೊರಟುಹೋಗಲಿಲ್ಲ; ವಿವಾದದ ಪ್ರತಿಯೊಂದು ಅಂಶದ ಮೇಲೂ ಲಿಖಿತ ಅಭಿಪ್ರಾಯ ಕೊಟ್ಟರು. ಫ್ರಾನ್ಸಿನ ಸಭೆಯ ಪ್ರತಿನಿಧಿಗಳನ್ನು ಅಲ್ಲಿನ ಅರಸ ತಡೆದಾಗ ಅವರಿಗಾಗಿ ಇಟ್ಟ ಆಸನಗಳನ್ನು ಖಾಲಿಯಾಗಿಯೇ ಉಳಿಸಿದರು. ಅದೇ ಸಿನೋಡ್ ರೂಪಿಸಿದ ಸಭಾಕ್ರಮದ (ಸಭೆಯ ಆಡಳಿತ ನಿಯಮಾವಳಿಯ) 85ನೆಯ ವಿಧಿ, ಮುಖ್ಯವಲ್ಲದ ಸಂಗತಿಗಳಲ್ಲಿ ಬೇರೆ ರೂಢಿ ಇಟ್ಟುಕೊಂಡಿರುವ ಪರದೇಶದ ಸಭೆಗಳನ್ನು ತಿರಸ್ಕರಿಸಬಾರದು ಎನ್ನುತ್ತದೆ. ಯಾವುದು ಮುಖ್ಯ, ಯಾವುದಲ್ಲ ಎಂಬುದರ ಮೇಲೆಯೇ ನಮ್ಮ ಸಮಿತಿಯ ಅರ್ಧ ಚರ್ಚೆ ನಡೆಯುತ್ತಿತ್ತು.

ಅವಸರಪಡುವವರಿಗೆ ನಾನು ಕೆನಡಾದ ರಿಫಾರ್ಮ್ಡ್ ಸಭೆಗಳ ಉದಾಹರಣೆ ಕೊಡುತ್ತೇನೆ. ಅವು ಅಮೆರಿಕದ ಆರ್ಥೊಡಾಕ್ಸ್ ಪ್ರೆಸ್ಬಿಟೇರಿಯನ್ ಸಭೆಯನ್ನು ನಿಜವಾದ ಸಭೆಯೆಂದು ಒಪ್ಪಿದ್ದು 1977ರಲ್ಲಿ; ಪೂರ್ಣ ಅನ್ಯೋನ್ಯತೆಗೆ ಬಂದದ್ದು 2001ರಲ್ಲಿ. ನಡುವಿನ ಕಾಲದಲ್ಲಿ ಎದುರಾದ ದೊಡ್ಡ ಪ್ರಶ್ನೆಗಳಲ್ಲಿ ಒಂದು, ಕರ್ತನ ಭೋಜನಕ್ಕೆ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರಕ್ಕೆ) ಬಂದ ಅತಿಥಿಯನ್ನು ಯಾರು, ಹೇಗೆ ಪರೀಕ್ಷಿಸಬೇಕು ಎಂಬುದು. ಕೆನಡಾದ ಕಡೆ ಅತಿಥಿಯ ಸ್ವಂತ ಸಭೆಯ ಪತ್ರವಿಲ್ಲದೆ ಹಿರಿಯರು ಒಪ್ಪುವುದಿಲ್ಲ. ಅಮೆರಿಕದ ಕಡೆ ಭೋಜನದ ಮೇಜಿನ ಮುಂದೆ ಎಚ್ಚರಿಕೆ ಓದಿ, ಉಳಿದದ್ದನ್ನು ಬಂದವರ ಮನಸ್ಸಾಕ್ಷಿಗೆ ಬಿಡುತ್ತಾರೆ. ಅಷ್ಟು ವರ್ಷ ಮಾತನಾಡಿದ್ದು ವ್ಯರ್ಥವೆಂದು ನನಗೆ ಎಂದೂ ಅನ್ನಿಸಿಲ್ಲ.

ಅನ್ಯೋನ್ಯತೆಯ ನಿಯಮಗಳು ಹೆಚ್ಚುಕಡಿಮೆ ಎಲ್ಲ ಕಡೆಯೂ ಒಂದೇ: ನಡಾವಳಿಗಳ ವಿನಿಮಯ, ಪರಸ್ಪರ ಪ್ರತಿನಿಧಿಗಳ ಸ್ವಾಗತ, ಒಬ್ಬರ ಸಭಾಪಾಲಕರು ಇನ್ನೊಬ್ಬರಲ್ಲಿ ಬೋಧಿಸಲು ಪ್ರಸಂಗಪೀಠ ತೆರೆದಿಡುವುದು, ಮೂರನೆಯ ಸಭೆಯೊಂದಿಗೆ ನಂಟು ಬೆಳೆಸುವ ಮೊದಲು ಸಮಾಲೋಚನೆ, ಸದಸ್ಯತ್ವ ಪತ್ರಗಳ ಮಾನ್ಯತೆ. ಸಾಮಾನ್ಯ ಸದಸ್ಯರ ಬದುಕನ್ನು ನೇರವಾಗಿ ಮುಟ್ಟುವುದು ಕೊನೆಯದು. ನಮ್ಮಿಂದ ವಲಸೆ ಹೋದ ಒಂದು ಕುಟುಂಬದ ಪತ್ರವನ್ನು ನಾವು ಮುಂಚಿತವಾಗಿ ಕಳುಹಿಸಿದ್ದೆವು. ದಂಪತಿಯ ಹೆಸರು, ದೀಕ್ಷಾಸ್ನಾನ ಹೊಂದಿದ ಮಕ್ಕಳ ಹೆಸರು, ತಾಯಿಯ ಆರೋಗ್ಯದ ಬಗ್ಗೆ ಅವರ ಅನುಮತಿ ಪಡೆದು ಬರೆದ ಒಂದು ಸಾಲು, ಇಬ್ಬರು ಹಿರಿಯರ ಸಹಿ. ಅವರು ಆರಾಧನೆಗೆ ಹೋದ ಮೊದಲ ಭಾನುವಾರ ಅಲ್ಲಿನ ಹಿರಿಯರೊಬ್ಬರು ಬಾಗಿಲಲ್ಲಿ ನಿಂತು ಮಕ್ಕಳನ್ನು ಹೆಸರು ಹಿಡಿದು ಕರೆದರಂತೆ. ಆ ವಾರವೇ ತಾಯಿಯನ್ನು ನೋಡಲು ಮನೆಗೂ ಬಂದರು.

ಹಣದ ವಿಷಯವೇ ಹೆಚ್ಚು ನಾಜೂಕು. ಸಿರಿವಂತ ಸಭೆ ಬಡ ಸಭೆಯ ಸೆಮಿನರಿಗೆ (ಸಭಾಪಾಲಕರ ತರಬೇತಿ ಶಾಲೆಗೆ), ಸಭಾಪಾಲಕರ ಸಂಬಳಕ್ಕೆ ನೆರವು ಕೊಡುತ್ತದೆ. ಹಾಗಾದಾಗ ಬಡ ಸಭೆ ಎಚ್ಚರಿಕೆಯ ಮಾತು ಹೇಳಲು ಹಿಂಜರಿಯುತ್ತದೆ, ಸಿರಿವಂತ ಸಭೆ ಕೇಳುವುದನ್ನು ಮರೆಯುತ್ತದೆ. ಅದಕ್ಕಾಗಿ ನಾವು ನೆರವಿನ ವ್ಯವಹಾರವನ್ನು ಪೂರ್ತಿಯಾಗಿ ಬೇರೆ ಮಂಡಳಿಗೆ ಒಪ್ಪಿಸಿದೆವು. ಸಂಬಂಧಗಳ ಪತ್ರದಲ್ಲಿ ಹಣದ ಮಾತು ಬರಬಾರದೆಂದು ಕಟ್ಟುಮಾಡಿದೆವು. ಇದರಿಂದ ಅಸಮಾನತೆ ಅಳಿಸಿಹೋಗಲಿಲ್ಲ. ಆದರೂ ನಮ್ಮಿಂದ ನೆರವು ಪಡೆಯುವ ಒಂದು ಚಿಕ್ಕ ಪಂಗಡ, ನಮ್ಮ ಆರಾಧನಾ ಕ್ರಮದ ಬದಲಾವಣೆಯ ಬಗ್ಗೆ ಖಡಾಖಂಡಿತವಾಗಿ ಪ್ರಶ್ನಿಸಿ ಪತ್ರ ಬರೆದಾಗ ನನಗೆ ನಿಜವಾದ ಸಂತೋಷವಾಯಿತು. ಆ ಪತ್ರವನ್ನು ನಮ್ಮ ಸಿನೋಡಿನಲ್ಲಿ ಪೂರ್ತಿಯಾಗಿ ಓದಿಸಿದೆವು.

ಎಲ್ಲ ಪತ್ರಗಳಿಗೂ ಇಂಥ ಫಲ ಸಿಗುವುದಿಲ್ಲ. ನೆದರ್ಲೆಂಡ್ಸಿನ ‘ವಿಮೋಚಿತ’ ರಿಫಾರ್ಮ್ಡ್ ಸಭೆಗಳು 1982ರಲ್ಲಿ ರಿಫಾರ್ಮ್ಡ್ ಸಭೆಗಳ ಅಂತರರಾಷ್ಟ್ರೀಯ ಸಮ್ಮೇಳನವನ್ನು ಕಟ್ಟಿದವರಲ್ಲಿ ಸೇರಿದ್ದವು. ಸಭೆಯ ಎಲ್ಲ ಹುದ್ದೆಗಳನ್ನೂ ಸ್ತ್ರೀಯರಿಗೆ ತೆರೆಯುವ ತೀರ್ಮಾನವನ್ನು ಅವು ಮಾಡಿದ್ದು 2017ರಲ್ಲಿ. ಅದಕ್ಕೆ ಹಲವು ವರ್ಷ ಮೊದಲೇ ಸೋದರ ಸಭೆಗಳು ಕಳವಳ ತಿಳಿಸಿ ಬರೆದಿದ್ದವು. ಸಮ್ಮೇಳನ 2017ರಲ್ಲೇ ಅವುಗಳ ಸದಸ್ಯತ್ವವನ್ನು ಅಮಾನತಿನಲ್ಲಿಟ್ಟು, 2022ರಲ್ಲಿ ನಮೀಬಿಯಾದ ವಿಂಡ್‌ಹೂಕ್‌ನಲ್ಲಿ ಕೂಡಿದಾಗ ಕೊನೆಗೊಳಿಸಿತು. ಅಂಥ ಸಂದರ್ಭದಲ್ಲೂ ಮುನಿದು ಮೌನವಾಗುವುದನ್ನು ನಾನು ಒಪ್ಪುವುದಿಲ್ಲ. ಕಾರಣಗಳನ್ನು ಬರೆಯಬೇಕು, ಹಿಂದೆ ಪಡೆದ ಒಳಿತನ್ನು ಹೆಸರಿಸಿ ನೆನೆಯಬೇಕು, ಯಾವ ವಿಷಯದಲ್ಲಿ ಮನಸ್ಸು ತಿರುಗಿದರೆ ಮತ್ತೆ ಕೂಡಬಹುದೆಂದು ಹೇಳಬೇಕು. ಅಂಥ ಸಭೆಯಿಂದ ನಮ್ಮಲ್ಲಿಗೆ ಬರುವ ಸದಸ್ಯರನ್ನು ಪತ್ರದ ಬಲದ ಮೇಲೆ ಸೇರಿಸಿಕೊಳ್ಳಲು ಬರುವುದಿಲ್ಲ. ಆದ್ದರಿಂದ ಹಿರಿಯರು ಒಬ್ಬೊಬ್ಬರ ಮನೆಗೂ ಹೋಗಿ, ಅವರ ವಿಶ್ವಾಸವನ್ನು ಅವರ ಬಾಯಿಂದಲೇ ಕೇಳಿ ಬರಬೇಕೆಂದು ನಮ್ಮ ಎಲ್ಲ ಸ್ಥಳೀಯ ಸಭೆಗಳಿಗೂ ಸೂಚನೆ ಕೊಟ್ಟಿದ್ದೇವೆ.